ಒಂದು ಮಾಡೆಲಿಂಗ್ ಟೂಲ್‌ನಿಂದ ಇನ್ನೊಂದಕ್ಕೆ ಬಿಪಿಎಂಎನ್ ಚಿತ್ರಗಳನ್ನು ಸಾಗಿಸುವಾಗ ವಿವರಗಳು ಕಳೆದುಹೋಗುವುದೇಕೆ?

ಪ್ರಶ್ನೆ:

ನಮ್ಮ ಸಂಸ್ಥೆಯು ಹಳೆಯ ಮಾಡೆಲಿಂಗ್ ಟೂಲ್ ಬಿಟ್ಟು ಹೊಸದಕ್ಕೆ ಹೋಗುತ್ತಿದ್ದು, ಕಾರ್ಯಪ್ರಕ್ರಿಯೆಗಳ ಚಿತ್ರಗಳನ್ನೆಲ್ಲ ಬಿಪಿಎಂಎನ್ 2.0 (ಕಾರ್ಯಪ್ರಕ್ರಿಯೆಗಳನ್ನು ಚಿತ್ರಿಸುವ ಮಾನದಂಡ) ಫೈಲ್‌ಗಳಾಗಿ ಎಕ್ಸ್‌ಪೋರ್ಟ್ ಮಾಡಿ ಸಾಗಿಸುವ ಕೆಲಸ ನನ್ನ ಪಾಲಿಗೆ ಬಂದಿದೆ. ಹೆಚ್ಚಿನವು ಸರಿಯಾಗಿಯೇ ತೆರೆದುಕೊಳ್ಳುತ್ತವೆ. ಆದರೆ ಕೆಲವು ಫೈಲ್‌ಗಳಲ್ಲಿ ದೋಷವಿಲ್ಲವೆಂದು ಟೂಲ್ ಹೇಳಿದರೂ ಪರದೆಯ ಮೇಲೆ ಏನೂ ಮೂಡುವುದಿಲ್ಲ. ಕೆಲವುಗಳಲ್ಲಿ ಚಿತ್ರ ಕಂಡರೂ ಯಾವ ಕೆಲಸ ಯಾವ ಲೇನ್‌ಗೆ (ಒಂದು ವಿಭಾಗ ಅಥವಾ ಹುದ್ದೆಯ ಕೆಲಸಗಳನ್ನು ಇಡುವ ಸಾಲಿಗೆ) ಸೇರಿದ್ದೆಂಬ ವರದಿ ಖಾಲಿ ಬರುತ್ತದೆ. ಪ್ರತಿ ಚಟುವಟಿಕೆಗೆ ಬರೆದಿಟ್ಟಿದ್ದ ವೆಚ್ಚ, ಅವಧಿಗಳ ವಿವರಗಳಂತೂ ಎಲ್ಲಿಯೂ ಕಾಣುತ್ತಿಲ್ಲ. ಎರಡೂ ಟೂಲ್‌ಗಳು ಒಂದೇ ಮಾನದಂಡವನ್ನು ಪಾಲಿಸುವಾಗ ಹೀಗಾಗುವುದೇಕೆ?

ಉತ್ತರ 1:

ನೀವು ಹೇಳಿದ ಮೂರು ತೊಂದರೆಗಳಿಗೆ ಕಾರಣಗಳು ಬೇರೆ ಬೇರೆ. ಬಿಪಿಎಂಎನ್ ಫೈಲ್ ಎಂದರೆ ಒಂದು ಎಕ್ಸ್‌ಎಂಎಲ್ ಕಡತ (ಟ್ಯಾಗ್‌ಗಳಿಂದ ಗುರುತಿಸಿದ ಪಠ್ಯ), ಅದರಲ್ಲಿ ಎರಡು ಭಾಗಗಳಿರುತ್ತವೆ. ಮೊದಲನೆಯದರಲ್ಲಿ ಪ್ರಕ್ರಿಯೆಯ ಅರ್ಥವಿದೆ, ಅಂದರೆ ಯಾವ ಟಾಸ್ಕ್ ಆದ ಮೇಲೆ ಯಾವುದು, ಗೇಟ್‌ವೇ ಎಲ್ಲಿ ಕವಲೊಡೆಯುತ್ತದೆ ಎಂಬುದು; ಎರಡನೆಯದರಲ್ಲಿ, ಪ್ರತಿ ಆಕೃತಿ ಪರದೆಯ ಯಾವ ಸ್ಥಾನದಲ್ಲಿ, ಎಷ್ಟು ಅಗಲ ಎತ್ತರದಲ್ಲಿ ಇರಬೇಕು, ಬಾಣದ ಗೆರೆ ಯಾವ ಬಿಂದುಗಳ ಮೂಲಕ ಸಾಗಬೇಕು ಎಂಬ ಲೆಕ್ಕವಿದೆ. ಖಾಲಿ ಕಾಣುವ ಫೈಲನ್ನು ಸಾಮಾನ್ಯ ಟೆಕ್ಸ್ಟ್ ಎಡಿಟರ್‌ನಲ್ಲಿ ತೆರೆದು ‘ಬಿಪಿಎಂಎನ್‌ಶೇಪ್’ (BPMNShape) ಎಂಬ ಟ್ಯಾಗ್ ಹುಡುಕಿ. ಅದು ಒಂದೂ ಸಿಗದಿದ್ದರೆ, ಹಳೆಯ ಟೂಲ್ ಅರ್ಥವನ್ನು ಮಾತ್ರ ಬರೆದು ಚಿತ್ರದ ಭಾಗವನ್ನು ಬಿಟ್ಟಿದೆ ಎಂದೇ ತಿಳಿಯಬೇಕು. ಸಿಕ್ಕರೆ, ಅದು ಸೂಚಿಸುವ ಐಡಿ ಮೊದಲ ಭಾಗದಲ್ಲಿ ನಿಜವಾಗಿಯೂ ಇದೆಯೇ ಎಂದು ನೋಡಿ.

ಲೇನ್‌ನ ಸಮಸ್ಯೆ ಇದರ ತಿರುವುಮುರುವು. ಟಾಸ್ಕ್‌ನ ಪೆಟ್ಟಿಗೆ ಲೇನ್‌ನ ಗೆರೆಗಳ ಒಳಗೆ ಕಂಡ ಮಾತ್ರಕ್ಕೆ ಅದು ಆ ಲೇನ್‌ಗೆ ಸೇರಿದಂತಾಗುವುದಿಲ್ಲ. ಲೇನ್‌ನ ಒಳಗೆ ‘ಫ್ಲೋನೋಡ್‌ರೆಫ್’ ಎಂಬ ಟ್ಯಾಗ್‌ನಲ್ಲಿ ಆ ಟಾಸ್ಕ್‌ನ ಐಡಿ ಇರಬೇಕು. ಟಾಸ್ಕ್‌ನ ಅಂಚಿಗೆ ಅಂಟಿಸಿದ ಟೈಮರ್ ಇವೆಂಟ್‌ಗಳನ್ನೂ (ಸಮಯದ ಮಿತಿಯನ್ನು ಸೂಚಿಸುವ ಗುರುತುಗಳನ್ನೂ) ಹೀಗೆಯೇ ಪರೀಕ್ಷಿಸಿ: ‘ಅಟ್ಯಾಚ್ಡ್‌ಟುರೆಫ್’ ಇಲ್ಲದಿದ್ದರೆ ಅವು ಅಂಚಿನಲ್ಲಿ ಕಂಡರೂ ಟಾಸ್ಕ್‌ಗೆ ಸಂಬಂಧವಿಲ್ಲದ ಇವೆಂಟ್‌ಗಳಾಗಿ ಉಳಿಯುತ್ತವೆ. ನೋಟಕ್ಕೆ ಎಲ್ಲವೂ ಸರಿಯಿರುವುದರಿಂದ ಇಂಥ ತಪ್ಪು ಬಹಳ ತಡವಾಗಿ ಬೆಳಕಿಗೆ ಬರುತ್ತದೆ, ಹಾಗಾಗಿ ಖಾಲಿ ಪರದೆಗಿಂತ ಇದೇ ಹೆಚ್ಚು ಅಪಾಯಕಾರಿ ಎಂಬುದು ನನ್ನ ಅಭಿಪ್ರಾಯ.

ಉತ್ತರ 2:

ವೆಚ್ಚ, ಅವಧಿಗಳ ವಿಷಯಕ್ಕೆ ಬರುತ್ತೇನೆ. ಓಎಂಜಿ (ಆಬ್ಜೆಕ್ಟ್ ಮ್ಯಾನೇಜ್‌ಮೆಂಟ್ ಗ್ರೂಪ್ ಎಂಬ ಮಾನದಂಡ ಸಂಸ್ಥೆ) 2011ರಲ್ಲಿ ಪ್ರಕಟಿಸಿದ, ಬಳಿಕ ಐಎಸ್‌ಓ 19510 ಎಂದು 2013ರಲ್ಲಿ ಅಂಗೀಕಾರವಾದ ಈ ಮಾನದಂಡದಲ್ಲಿ ಅವುಗಳಿಗೆ ಗೊತ್ತುಪಡಿಸಿದ ಸ್ಥಾನವಿಲ್ಲ. ಟೂಲ್‌ಗಳು ಇಂಥವನ್ನು ‘ಎಕ್ಸ್‌ಟೆನ್ಶನ್‌ಎಲಿಮೆಂಟ್ಸ್’ ಎಂಬ ಟ್ಯಾಗ್‌ನೊಳಗೆ ತಮ್ಮದೇ ನೇಮ್‌ಸ್ಪೇಸ್‌ನಲ್ಲಿ (ಟ್ಯಾಗ್‌ಗಳು ಯಾರವೆಂದು ಗುರುತಿಸುವ ಹೆಸರಿನಡಿ) ಇಡುತ್ತವೆ. ಹೊಸ ಟೂಲ್‌ಗೆ ಆ ನೇಮ್‌ಸ್ಪೇಸ್ ಪರಿಚಯವಿಲ್ಲದಿದ್ದರೆ ಅದು ವಿವರವನ್ನು ತೋರಿಸುವುದಿಲ್ಲ. ಕೆಲವು ಟೂಲ್‌ಗಳು ಅದನ್ನು ಮುಟ್ಟದೆ ಕಾಪಾಡುತ್ತವೆ, ಕೆಲವು ಮುಂದಿನ ಸೇವ್‌ನಲ್ಲೇ ಅಳಿಸಿಬಿಡುತ್ತವೆ. ಎಕ್ಸ್‌ಪೋರ್ಟ್ ಆದ ಮೂಲ ಫೈಲ್‌ನಲ್ಲಿ ನಿಮ್ಮ ಅಂಕಿಗಳು ಇದ್ದರೆ, ಎಕ್ಸ್‌ಎಸ್‌ಎಲ್‌ಟಿ (ಎಕ್ಸ್‌ಎಂಎಲ್ ಕಡತಗಳನ್ನು ಬೇರೆ ರೂಪಕ್ಕೆ ಬದಲಿಸುವ ಭಾಷೆ) ಅಥವಾ ಒಂದು ಸಣ್ಣ ಪೈಥಾನ್ ಸ್ಕ್ರಿಪ್ಟ್ ಬರೆದು ಅವನ್ನು ಹೊಸ ಟೂಲ್ ಬಯಸುವ ರೂಪಕ್ಕೆ ಬದಲಿಸಬಹುದು. ಮೂಲದಲ್ಲೇ ಇಲ್ಲದಿದ್ದರೆ, ಹಳೆಯ ಟೂಲ್‌ನಿಂದ ವರದಿಯ ರೂಪದಲ್ಲಾದರೂ ಈಗಲೇ ಹೊರತೆಗೆಯಿರಿ.

ಪ್ರಶ್ನೆ ಕೇಳಿದವರು:

ಇಬ್ಬರಿಗೂ ಧನ್ಯವಾದಗಳು. ಖಾಲಿ ಫೈಲ್‌ಗಳಲ್ಲಿ ‘ಬಿಪಿಎಂಎನ್‌ಶೇಪ್’ ಒಂದೂ ಇಲ್ಲ. ಅವನ್ನೆಲ್ಲ ಮೊದಲಿನಿಂದ ಬಿಡಿಸಬೇಕೇ?

ಉತ್ತರ 1:

ಬೇಕಿಲ್ಲ. ಮೊದಲು ಹಳೆಯ ಟೂಲ್‌ನ ಎಕ್ಸ್‌ಪೋರ್ಟ್ ಆಯ್ಕೆಗಳಲ್ಲಿ ಚಿತ್ರದ ವಿನ್ಯಾಸವನ್ನೂ ಸೇರಿಸುವ ಅವಕಾಶವಿದೆಯೇ ಎಂದು ನೋಡಿ. ಇಲ್ಲದಿದ್ದರೆ, ಅರ್ಥದ ಭಾಗವನ್ನಷ್ಟೇ ಓದಿ ಆಕೃತಿಗಳನ್ನು ತಾನೇ ಜೋಡಿಸುವ ಲೈಬ್ರರಿಗಳಿವೆ. ಪೂಲ್ (ಲೇನ್‌ಗಳನ್ನು ಒಳಗೊಳ್ಳುವ ದೊಡ್ಡ ಚೌಕಟ್ಟು), ಲೇನ್‌ಗಳು ಹೆಚ್ಚಿರುವ ಚಿತ್ರಗಳನ್ನು ಮಾತ್ರ ಆಮೇಲೆ ಕೈಯಿಂದ ತಿದ್ದಬೇಕಾದೀತು.

ಉತ್ತರ 3:

ಒಂದು ಮಾತು ಸೇರಿಸುತ್ತೇನೆ. ಎಲ್ಲವನ್ನೂ ಒಮ್ಮೆಗೇ ಸಾಗಿಸುವ ಮೊದಲು, ನೀವು ಬಳಸುವ ಪ್ರತಿಯೊಂದು ಬಗೆಯ ಆಕೃತಿಯೂ ಒಮ್ಮೆಯಾದರೂ ಬರುವಂತೆ ಒಂದು ಪರೀಕ್ಷಾ ಚಿತ್ರ ರಚಿಸಿ, ಅದನ್ನು ಹೊಸ ಟೂಲ್‌ನಲ್ಲಿ ತೆರೆದು, ಏನನ್ನೂ ಬದಲಿಸದೆ ಮತ್ತೆ ಎಕ್ಸ್‌ಪೋರ್ಟ್ ಮಾಡಿ, ಎರಡೂ ಫೈಲ್‌ಗಳನ್ನು ಹೋಲಿಸಿ. ಓಎಂಜಿಯ ಮಾಡೆಲ್ ಇಂಟರ್‌ಚೇಂಜ್ ಕಾರ್ಯತಂಡವು ಇದೇ ಉದ್ದೇಶಕ್ಕೆಂದು ಸಿದ್ಧಪಡಿಸಿದ ಪರೀಕ್ಷಾ ಮಾದರಿಗಳು ಗಿಟ್‌ಹಬ್‌ನಲ್ಲಿ ಮುಕ್ತವಾಗಿ ಸಿಗುತ್ತವೆ, ಅವುಗಳಿಂದಲೇ ಆರಂಭಿಸಬಹುದು. ಹೋಲಿಕೆ ಮುಗಿದು ವ್ಯತ್ಯಾಸಗಳ ಪಟ್ಟಿ ಕೈಗೆ ಬರುವ ತನಕ ಹಳೆಯ ಟೂಲ್‌ನ ಪರವಾನಗಿ ರದ್ದಾಗದಂತೆ ನೋಡಿಕೊಳ್ಳಿ.