ರಾಡಿ ಮೆತ್ತಿದ ಎಲೆಕ್ಟ್ರಿಕ್ ಮೌಂಟೇನ್ ಬೈಕ್ ಮನ್ಯಾಗ ಹ್ಯಾಂಗ ತೊಳಿಬೇಕ್ರಿ? ಅನುಭವ ಇದ್ದವರು ಹೇಳ್ರಿ

ನಮಸ್ಕಾರ್ರಿ ಎಲ್ಲಾರಿಗೂ. ನಾನು ಕಲಬುರಗಿ, ಸೇಡಂ ರೋಡ್ ಕಡೆ ಇರ್ತೀನಿ. ನಾಲ್ಕ್ ತಿಂಗಳ ಹಿಂದ ಎಲೆಕ್ಟ್ರಿಕ್ ಮೌಂಟೇನ್ ಬೈಕ್, ಅಂದ್ರ ಗುಡ್ಡ ಹತ್ತೋ ಸೈಕಲ್, ತಗೊಂಡೀನಿ, ಹಿಂದಿನ ಗಾಲಿಯೊಳಗ ಮೋಟಾರ್, ಫ್ರೇಮಿನೊಳಗ ಬ್ಯಾಟರಿ, ಇಎಂಐ ಇನ್ನೂ ಹದಿನಾಲ್ಕು ಉಳದಾವ. ಮೊನ್ನಿ ಐತವಾರ ಗೆಳೆಯನ ಪಿಕಪ್ಪಿನಾಗ ಹಾಕ್ಕೊಂಡು ಚಿಂಚೋಳಿ ಕಡೆ ಹೋಗಿದ್ವಿ, ಗುಡ್ಡದ ಮ್ಯಾಲ ಕೆಂಪು ಮಣ್ಣಿನಾಗ ಛಂದ ಹೊಡದೀವಿ, ತೆಳಗ ಇಳಿಯೋವಾಗ ಮಳಿ ಹತ್ತಿ ಹೊಲದ ದಾರಿ ಹಿಡದೆ, ಅಲ್ಲಿಗೆ ಮುಗೀತು ನೋಡ್ರಿ. ಎರಿ ಮಣ್ಣು ಗಾಲಿಗೆ ಹ್ಯಾಂಗ ಮೆತ್ತಿತಂದ್ರ ಗಾಲಿ ತಿರಗವಲ್ದು, ಮೋಟಾರ್ ಗುಂಯ್ ಅಂತದ, ಕಡೀಕ ಎರಡು ಕಿಲೋಮೀಟರ್ ಎತ್ತು ಎಳದಂಗ ಎಳ್ಕೊಂಡು ಬಂದೆ.

ಈಗ ಅಂಗಳದಾಗ ನಿಂತದ. ವಾಷಿಂಗ್ ಸೆಂಟರಿನ ಹುಡುಗ, ತರ್ರಿ ಅಣ್ಣಾ ಗನ್ ಹೊಡದು ಐದು ಮಿನಿಟಿನಾಗ ಫಳಫಳ ಮಾಡ್ತೀನಿ ಅಂದ, ಮ್ಯಾಲ ಇದರ ನಂಬರ್ ಪ್ಲೇಟ್ ಎಲ್ಲದ ಅಂತ ಬ್ಯಾರೆ ಕೇಳ್ದ (250 ವ್ಯಾಟ್, 25 ಕಿಮೀ ಸ್ಪೀಡಿನ ಒಳಗಿಂದಕ್ಕ ನಂಬರ್ ಬೇಕಾಗಲ್ಲಪ್ಪ ಅಂತ ತಿಳಿಸಿ ಹೇಳಿ ಬಂದೆ). ಮನ್ಯಾಗ ಅವ್ವ ನೋಡಿದ್ರ, ಕರೆಂಟಿನ ವಸ್ತು, ಹನಿ ನೀರೂ ಹಾಕಬ್ಯಾಡ ಅಂತಾಳ. ಯಾರ ಮಾತು ಕೇಳ್ಲಿ?

ಶಹಾಬಾದ್‌ನಿಂದ:
ಗನ್ ಒಂದು ಬಿಟ್ಟು ಏನ್ ಬೇಕಾದ್ರೂ ಮಾಡ್ರಿ. ನಾ ಅದೇ ತಪ್ಪು ಮಾಡಿ ಕೈ ಸುಟ್ಕೊಂಡೀನಿ. ಹೋದ ವರ್ಷ ಇದೇ ಮಳಿಗಾಲದಾಗ ಮನಿ ಹತ್ರದ ವಾಷಿಂಗಿಗೆ ಕೊಟ್ಟೆ, ಹುಡುಗ ಬುಲೆಟ್ ತೊಳದಂಗ ಗಾಲಿ ನಡುವಕ್ಕೇ ಗನ್ ಹಿಡದ, ನಾನೂ ಬಾಜೂಕ ಚಾ ಕುಡ್ಕೋತ ಖುಷಿಲೆ ನೋಡ್ಕೋತ ನಿಂತೆ. ಅವತ್ತು ಏನೂ ಆಗ್ಲಿಲ್ಲ, ಮರುದಿನಾನೂ ಏನಿಲ್ಲ. ಮೂರನೇ ದಿನ ಡಿಸ್‌ಪ್ಲೇ ಮ್ಯಾಲ ಎರರ್ ಬಂತು, ಮೋಟಾರ್ ಒಮ್ಮೆ ಎಳೀತದ ಒಮ್ಮೆ ಬಿಡ್ತದ. ಬಿಚ್ಚಿ ನೋಡಿದ್ರ ಒಳಗ ನೀರು, ಬೇರಿಂಗ್ ಆಗಲೇ ತುಕ್ಕು ಹಿಡದದ. ವಾರಂಟಿ ಕೇಳಿದ್ರ ಪ್ರೆಷರ್ ವಾಷ್ ಮಾಡಬಾರದಂತ ಪುಸ್ತಕದಾಗೇ ಬರದದಲ್ಲ ಅಂದ್ರು. ಬರದಿತ್ತು, ಖರೇನೇ, ನಾ ಓದಿದ್ದಿಲ್ಲ.

ಈಗ ಬಕೆಟ್, ತಂಬಿಗಿ, ಹಳೇ ಬನಿಯನ್ ಮೂರೇ. ಅರ್ಧ ತಾಸು ಹೆಚ್ಚಿಗಿ ಹೋಗ್ತದ, ಹೋಗ್ಲಿ.

ಕಲಬುರಗಿಯಿಂದ, ಎಲೆಕ್ಟ್ರಿಕ್ ಗಾಡಿ ರಿಪೇರಿ ಮಾಡೋರು:
ಅವ್ವಾರಿಗಿ ಹೇಳ್ರಿ, ನೀರಿಗೆ ಅಂಜೋದು ಬ್ಯಾಡ, ಜೋರಿಗೆ ಅಂಜಬೇಕು. ಮ್ಯಾನುಯಲ್ ತೆಗದು ನೋಡ್ರಿ, ಐಪಿಎಕ್ಸ್4 ಅಂತೋ ಹಂಗೇನೋ ಬರದಿರ್ತದ, ನೀರು ಎಷ್ಟು ತಡೀತದ ಅನ್ನೋ ನಂಬರ್ ಅದು. 4 ಅಂದ್ರ ಯಾವ ಕಡಿಂದ ನೀರು ಸಿಡದ್ರೂ ತಡೀತದ ಅಂತ, ಅಷ್ಟೇ. 5, 6 ಅಂದ್ರ ಪೈಪಿನ ಧಾರಿ ಹೊಡದ್ರೂ ತಡೀತದ. 7 ಅಂದ್ರ ಒಂದು ಮೀಟರ್ ನೀರಾಗ 30 ನಿಮಿಷ ಮುಳುಗಿಸಿಟ್ರೂ ಒಳಗ ಹೋಗಲ್ಲ. ಆದ್ರ ಜನ ಎಲ್ಲಿ ಎಡವ್ತಾರ ಅಂದ್ರ, 7 ಇದ್ದದ್ದು 5, 6ಕ್ಕೂ ಪಾಸ್ ಅಂತ ತಿಳ್ಕೋತಾರ, ಹಂಗಿಲ್ಲ. ಅವು ಬ್ಯಾರೆ ಬ್ಯಾರೆ ಪರೀಕ್ಷಾ. ಒಂದು ಮೀಟರ್ ಆಳದ ನೀರಿನ ಒತ್ತಡ ಅಂದ್ರ ಸುಮಾರು 0.1 ಬಾರ್, ವಾಷಿಂಗ್ ಗನ್ನಿನ ಪಂಪು 100 ಬಾರ್ ಆಸುಪಾಸು ಇರ್ತದ, ನೀವೇ ಲೆಕ್ಕ ಹಾಕ್ರಿ.

ಇನ್ನೊಂದು, ಇದು ಭಾಳ ಮಂದಿಗಿ ಗೊತ್ತಿಲ್ಲ. ಓಡಿಸಿ ಬಂದ ಕೂಡ್ಲೆ ನೀರು ಹಾಕಬ್ಯಾಡ್ರಿ. ಮೋಟಾರ್ ಕಾದಿರ್ತದ, ಒಳಗಿನ ಗಾಳಿ ಉಬ್ಬಿರ್ತದ, ಮ್ಯಾಲ ತಣ್ಣೀರು ಬಿದ್ರ ಆ ಗಾಳಿ ಕುಗ್ಗಿ ಸೀಲಿನ ಸಂದ್ಯಾಗಿಂದ ನೀರು ತಾನೇ ಒಳಗ ಜಗ್ಕೋತದ. ಮುಟ್ಟಿದ್ರ ಬಿಸಿ ಹತ್ತಬಾರದು, ಆಮ್ಯಾಲ ತೊಳೀರಿ.

ನಿಮ್ದು ಗಾಲಿಯೊಳಗಿನ ಮೋಟಾರ್, ಅಂದ್ರ ಹಬ್ ಮೋಟಾರ್, ಅಂದ್ರಿ, ಗಾಲಿ ಆಕ್ಸಲ್ಲಿಂದ ಒಂದು ದಪ್ಪ ವೈರು ಹೊರಗ ಬರ್ತದಲ್ಲ, ಅದೇ ನಾಜೂಕಿನ ಜಾಗ. ಆ ವೈರು ಆಕ್ಸಲ್ಲಿಗಿಂತ ಜರಾ ತೆಳಗ ಇಳದು ಮ್ಯಾಲ ಹೋಗಿರಬೇಕು, ಅಂದ್ರ ವೈರ್ ಹಿಡ್ಕೊಂಡು ಬಂದ ನೀರು ತೆಳಗಿನ ತಿರುವಿನಾಗೇ ತೊಟ್ಟಿಕ್ಕಿ ಬೀಳ್ತದ. ಸೀದಾ ಮ್ಯಾಲಿಂದ ಇಳದಿದ್ರ ನೀರು ದಾರಿ ಕೇಳ್ಕೊಂಡು ಒಳಗೇ ಹೋಗ್ತದ. ಮತ್ತ ಸೈಕಲ್ ತಲಿಕೆಳಗ ಮಾಡಿ ತೊಳಿಬ್ಯಾಡ್ರಿ, ಡಿಸ್‌ಪ್ಲೇ, ಬ್ರೇಕಿನ ಸ್ವಿಚ್ ಎಲ್ಲಾ ನೀರಾಗ ಕುಂತಂಗ ಆಗ್ತಾವ. ಮೊದ್ಲು ಪವರ್ ಆಫ್. ಆನ್ ಇದ್ದಾಗ ಚೈನಿನಾಗ ಬ್ರಷ್ ಹಿಡದು ಕುಂತೀರಿ, ಯಾರರೆ ಥ್ರಾಟಲ್ ಮುಟ್ಟಿದ್ರ ಬೆರಳೇ ಹೋಗ್ತದ.

ಬ್ಯಾಟರಿ ತೆಗದು ಒಳಗಿಡ್ರಿ, ಆ ಪಿನ್ ಇರೋ ಜಾಗಕ್ಕ ಪ್ಲಾಸ್ಟಿಕ್ ಕವರ್ ಕಟ್ರಿ.

ಶಹಾಬಾದ್‌ನಿಂದ:
ಬ್ಯಾಟರಿ ತೆಗೀಬೇಕೇನ್ರಿ ಸರ್? ನಂದು ತೆಗದ್ರ ಫ್ರೇಮಿನಾಗ ದೊಡ್ಡ ಬಾಯಿ ಬೀಳ್ತದ, ನೀರು ಸೀದಾ ಅಲ್ಲೇ. ನಾ ಒಳಗೇ ಬಿಟ್ಟು ಲಾಕ್ ಹಾಕಿ ತೊಳೀತೀನಿ.

ಕಲಬುರಗಿಯಿಂದ, ಎಲೆಕ್ಟ್ರಿಕ್ ಗಾಡಿ ರಿಪೇರಿ ಮಾಡೋರು:
ಅದೂ ಖರೆ. ಕೆಲವು ಕಂಪನಿಯವ್ರು ತೆಗದು ತೊಳೀರಿ ಅಂತಾರ, ಕೆಲವ್ರು ಪಿನ್ನಿಗಿ ಬ್ಯಾಟರಿನೇ ಮುಚ್ಚಳ, ಒಳಗೇ ಇರ್ಲಿ ಅಂತಾರ. ನಿಮ್ಮ ಪುಸ್ತಕ ಏನ್ ಹೇಳ್ತದ ಅದು ಮಾಡ್ರಿ. ತೆಗದ್ರ ಮಾತ್ರ ಆ ಬಾಯಿ ಮುಚ್ಚದೆ ಒಂದು ಹನಿನೂ ಹಾಕಬ್ಯಾಡ್ರಿ.

ಶಹಾಪುರ ಹತ್ರದ ಊರಿಂದ, ರೈತರು:
ತಮ್ಮಾ, ಎಲ್ಲಾರೂ ಮೋಟಾರಿಂದೇ ಹೇಳ್ಯಾರ, ಮಣ್ಣಿಂದು ಯಾರೂ ಹೇಳಿಲ್ಲ. ನನ್ನ ಹತ್ರ ಎಲೆಕ್ಟ್ರಿಕ್ ಸೈಕಲ್ ಇಲ್ಲ, ಮಗಂದು ಅದ, ತೊಳಿಯೋದು ನಾನೇ. ಎರಿ ಮಣ್ಣು ಹಸಿ ಇದ್ದಾಗ ನೀರು ಹಾಕಿದ್ರ ಮತ್ತಷ್ಟು ಉಬ್ತದ, ಹಿಟ್ಟು ನಾದಿದಂಗ ಆಗ್ತದ, ಒಂದು ಕಡಿಂದ ತೆಗದ್ರ ಇನ್ನೊಂದು ಕಡಿ ಮೆತ್ತಿಕೊಳ್ತದ, ಬ್ರಷ್ಷೂ ಹಾಳು. ಪೂರಾ ಒಣಗಾಕ ಬಿಟ್ರ ಕಲ್ಲು, ಆಗ ಬಡದು ತೆಗಿಲಾಕ ಹೋದ್ರ ವೈರೂ ಬಣ್ಣಾನೂ ಕಿತ್ಕೊಂಡೇ ಬರ್ತಾವ. ಇವೆರಡರ ನಡುವ ಒಂದು ಹದ ಅದ. ಬಿತ್ತಲಾಕ ಹದ ನೋಡ್ತೀವಲ್ಲ ಹಂಗ. ಹೆಬ್ಬೆರಳಲೆ ಒತ್ತಿದ್ರ ಬೆರಳಿಗಿ ಹತ್ತಬಾರದು, ಉಗುರು ಹಾಕಿದ್ರ ಹೆಂಟಿ ಹೆಂಟಿ ಬಿಡಬೇಕು. ಈ ಮಣ್ಣು ಒಣಗೋವಾಗ ತಾನೇ ಕುಗ್ಗಿ ಬಿರಿತದ, ಹೊಲದಾಗ ಬೇಸಿಗಿ ಬಿರುಕು ನೋಡಿಲ್ಲೇನು, ಹಂಗ ಟಾಯರಿನ ಸಂದ್ಯಾಗೂ ಬಿರಿತದ, ಆ ಬಿರುಕಿನಾಗ ಕಡ್ಡಿ ಹಾಕಿ ಎತ್ತಿದ್ರ ಮುಗೀತು. ನೆರಳಾಗ ಬಿಡು, ಬಿಸಿಲಿಗಿ ಬ್ಯಾಡ, ಬಿಸಿಲಿಗಿಟ್ರ ಹದ ಯಾವಾಗ ಬಂತು ಯಾವಾಗ ಹೋತು ಗೊತ್ತಾಗಲ್ಲ.

ಕಡ್ಡಿ ಅಂದ್ರ ಕಬ್ಬಿಣದ್ದಲ್ಲ. ನಾ ತೊಗರಿ ಕಟಗಿ ಚಪ್ಪಟ ಕೆತ್ತಿ ಇಟ್ಕೊಂಡೀನಿ, ಬಣ್ಣಕ್ಕ ಗೀರು ಬೀಳಲ್ಲ, ಮುರದ್ರ ಇನ್ನೊಂದು. ಮುಕ್ಕಾಲು ಮಣ್ಣು ನೀರಿಲ್ದೇ ಹೋಗ್ತದ, ಉಳದದ್ದಕ್ಕ ಎರಡು ಬಕೆಟ್ ಸಾಕು.

ಬೀದರ್‌ನಿಂದ:
ಕಾಕಾ ಹೇಳಿದ್ದು ಎರಿ ಮಣ್ಣಿಗೆ ಪಕ್ಕಾ, ಆದ್ರ ನಮ್ಮ ಕಡಿ ಕೆಂಪು ಮಣ್ಣಿಗೆ ಹಂಗ ಮಾಡಬ್ಯಾಡ್ರಿ. ಇದು ಅಂಟು ಕಡಿಮಿ, ಆದ್ರ ಮುರುಮಿನ ಹಳಕು, ಸಣ್ಣ ಸಣ್ಣ ಕಲ್ಲು ಇರ್ತಾವ, ಉಸುಕಿನ ಕಾಗದ ಇದ್ದಂಗ. ಒಣಗಿದ ಮ್ಯಾಲ ಅರಿವಿಲೆ ಒರಸಿದ್ರೋ, ಮುಂದಿನ ಶಾಕ್ ಅಬ್ಸಾರ್ಬರಿನ ಹೊಳಿಯೋ ಕೊಳವಿಗಿ ಗೀರು, ಗೀರು ಬಿದ್ರ ಸೀಲ್ ಹರೀತದ, ಎಣ್ಣಿ ಸೋರ್ತದ. ನನ್ನ ಸೈಕಲ್ಲಿಂದು ಹಿಂಗೇ ಹೋಗ್ಯದ. ಕೆಂಪು ಮಣ್ಣಿಗೆ ಮೊದ್ಲು ತಂಬಿಗಿಲೆ ಮ್ಯಾಲಿಂದ ಸುಮ್ನ ನೀರು ಸುರೀರಿ, ಹಳಕು ಇಳದು ಹೋಗ್ಲಿ, ಆಮ್ಯಾಲ ಅರಿವಿ ಮುಟ್ಟಸ್ರಿ. ನೀವು ಚಿಂಚೋಳಿಯಾಗ ಎರಡೂ ಮಣ್ಣು ತುಂಬ್ಕೊಂಡು ಬಂದೀರಿ, ಅಂದ್ರ ಗಾಲಿಗಿ ಕಾಕಾನ ಲೆಕ್ಕ, ಶಾಕ್ ಅಬ್ಸಾರ್ಬರಿಗಿ ನನ್ನ ಲೆಕ್ಕ.

ವಾಡಿಯಿಂದ, ಟೀಚರ್ ಒಬ್ಬರು:
ನಾನು ಎರಡು ವರ್ಷದಿಂದ ಎಲೆಕ್ಟ್ರಿಕ್ ಸೈಕಲ್ ಮ್ಯಾಲೇ ಸ್ಕೂಲಿಗಿ ಹೋಗ್ತೀನಿ, ಗುಡ್ಡಗಿಡ್ಡ ಹತ್ತಲ್ಲ, ಆದ್ರ ರಾಡಿ ನಿಮಗಿಂತ ಕಡಿಮಿ ತುಳದಿಲ್ಲ. ನಮ್ಮಲ್ಲಿ ತೆಳಗ ಪೂರಾ ಸುಣ್ಣದ ಕಲ್ಲು, ಬೋರಿನ ನೀರು ಹಂಗೇ ಒಣಗಾಕ ಬಿಟ್ರ ಬೆಳ್ಳಗ ಕಲಿ ಕುಂಡರ್ತಾವ, ಡಿಸ್‌ಪ್ಲೇ ಗಾಜು ಮಂಜ ಆಗ್ತದ. ತೊಳದ ಕೂಡ್ಲೆ ಒಣ ಅರಿವಿಲೆ ಒರಸ್ರಿ. ಚಾರ್ಜಿಂಗ್ ತೂತಿನ ರಬ್ಬರ್ ಮುಚ್ಚಳ ಒತ್ತಿ ನೋಡ್ಕೋರಿ, ಅವತ್ತು ರಾತ್ರಿ ಚಾರ್ಜಿಗಿ ಹಾಕಬ್ಯಾಡ್ರಿ, ಪೂರಾ ಆರ್ಲಿ. ಲಗೂ ಆರ್ಲಿ ಅಂತ ಬ್ಯಾಟರಿ ಬಿಸಿಲಿಗಿ ಇಡೋರೂ ಇದ್ದಾರ, ನಮ್ಮ ಬಿಸಿಲು ಅಂದ್ರ ಬ್ಯಾಸಿಗ್ಯಾಗ 40 ದಾಟ್ತದ, ಬ್ಯಾಟರಿ ಆಯುಷ್ಯ ಅಲ್ಲೇ ಕಡಿಮಿ ಆಗ್ತದ.

ಚೈನಿಗಿ ಚಿಮಣಿ ಎಣ್ಣಿ ಅರಿವಿಗಿ ಹಚ್ಚಿ ಒರಸ್ರಿ, ಸುರಿಬ್ಯಾಡ್ರಿ, ಬ್ರೇಕಿನ ಡಿಸ್ಕಿಗಂತೂ ಒಂದು ಹನಿನೂ ಸಿಡಿಬಾರದು. ಆರಿದ ಮ್ಯಾಲ ಕೊಂಡಿಗೊಂದು ಹನಿ ಎಣ್ಣಿ, ಹೆಚ್ಚಾದದ್ದು ಒರಸಿಬಿಡ್ರಿ, ಇಲ್ಲಂದ್ರ ಮತ್ತ ಧೂಳಾ ಹಿಡೀತದ.

ಕೇಳಿದವರೇ, ನಾಲ್ಕು ದಿನ ಆದ ಮ್ಯಾಲ:
ಎಲ್ಲಾರಿಗೂ ಶರಣ್ರಿ. ತೊಳದೆ. ಕಾಕಾ ಹೇಳಿದ ಹದ ನನಗ ಸಿಗ್ಲಿಲ್ಲ, ನೀವೆಲ್ಲಾ ಹೇಳೋದ್ರಾಗ ಎರಿ ಮಣ್ಣು ಆಗಲೇ ಕಲ್ಲಾಗಿತ್ತು, ಹಸಿ ಗೋಣಿ ಚೀಲ ಟಾಯರಿಗಿ ಸುತ್ತಿ ರಾತ್ರಿ ಪೂರಾ ಬಿಟ್ಟೆ, ಮುಂಜಾನಿ ಮೆತ್ತಗಾಗಿತ್ತು, ಆಮ್ಯಾಲ ಜರಾ ಆರಾಕ ಬಿಟ್ಟು ಕಡ್ಡಿಲೆ ತೆಗದೆ, ಒಂದು ಪುಟ್ಟಿ ಮಣ್ಣು ಬಂತು. ಮುಂದಿನ ಶಾಕ್ ಅಬ್ಸಾರ್ಬರಿಗಿ ನೀರು ಸುರದೇ ಅರಿವಿ ಮುಟ್ಟಿಸಿದೆ. ಪುಸ್ತಕದಾಗ ಬ್ಯಾಟರಿ ತೆಗದು ತೊಳೀರಿ ಅಂತಿತ್ತು, ತೆಗದೆ.

ಎಲ್ಲಾ ಆಗಿ ಆನ್ ಮಾಡಿದ್ರ ಡಿಸ್‌ಪ್ಲೇ ಬಂತು, ಪೆಡಲ್ ತುಳದ್ರ ಮೋಟಾರ್ ಬರವಲ್ದು! ಎದಿ ಧಸಕ್ ಅಂತು, ಇಎಂಐ ಕಣ್ಣ ಮುಂದ ಬಂದ್ವು. ಅರ್ಧ ತಾಸು ಹುಡುಕಿದ ಮ್ಯಾಲ ಗೊತ್ತಾತು, ಪೆಡಲಿನ ಹಿಂದ ಮ್ಯಾಗ್ನೆಟ್ ಇರೋ ಒಂದು ಸಣ್ಣ ಬಳಿ ಇರ್ತದಲ್ಲ, ತುಳಿಯೋದನ್ನ ಮೋಟಾರಿಗಿ ತಿಳಿಸೋದು, ಅದರ ಸೆನ್ಸಾರ್ ಸಂದ್ಯಾಗ ಎರಿ ಮಣ್ಣು ಗಟ್ಟಿಯಾಗಿ ಸೆನ್ಸಾರನ್ನೇ ಅತ್ಲಾಗ ಸರಿಸಿತ್ತು. ಹಳೇ ಹಲ್ಲಿನ ಬ್ರಷ್ಷಿಲೆ ತೆಗದು ಬಳಿ ಹತ್ರ ತಂದಿಟ್ಟೆ, ಹೊಂಟಿತು.

ಒಂದೇ ಉಳದದ್ರಿ, ಹಿಂದಿನ ಬ್ರೇಕ್ ಹಿಡದ್ರ ಕಿರ್ ಅಂತ ಓಣಿ ಮಂದಿನೆಲ್ಲಾ ಎಬ್ಬಸ್ತದ.

ಕಲಬುರಗಿಯಿಂದ, ಎಲೆಕ್ಟ್ರಿಕ್ ಗಾಡಿ ರಿಪೇರಿ ಮಾಡೋರು:
ಸೋಪಿನ ಜಿಡ್ಡೋ ಎಣ್ಣಿ ಹನಿಯೋ ಡಿಸ್ಕಿಗಿ ಹತ್ತಿರ್ತದ. ಮೊಬೈಲ್ ರಿಪೇರಿ ಅಂಗಡ್ಯಾಗ ಐಪಿಎ ಅಂತ ಕೇಳ್ರಿ, ಸ್ಪಿರಿಟ್ ಇದ್ದಂಗ ಇರ್ತದ, ಸ್ವಚ್ಛ ಅರಿವಿಲೆ ಡಿಸ್ಕ್ ಎರಡೂ ಮಗ್ಗಲು ಒರಸ್ರಿ, ಬೆರಳು ಮುಟ್ಟಸಬ್ಯಾಡ್ರಿ, ಆಮ್ಯಾಲ ಖಾಲಿ ರೋಡಿನಾಗ ಹತ್ತಿಪ್ಪತ್ತು ಸಲ ಮೆಲ್ಲಕ ಬ್ರೇಕ್ ಹಿಡೀರಿ. ಆದ್ರೂ ಕಿರ್ ಅಂದ್ರ ಪ್ಯಾಡೇ ಎಣ್ಣಿ ಕುಡದದ, ಬದಲಿ ಮಾಡ್ರಿ.