ರೊಕ್ಕ ಕಟ್ಟುವ ಮುಂಚೆ ಹಡಗು ಯಾವುದೆಂದು ಕೇಳಿ

ಓದುಗರ ಸಮಸ್ಯೆ: ನಮ್ಮದು ಸಿಂಧನೂರು ತಾಲ್ಲೂಕು. ಮಗ ಪಿಯುಸಿ ಸೈನ್ಸ್ ಮುಗಿಸಿದ್ದಾನೆ, ಹಡಗಿನಲ್ಲಿ ಆಫೀಸರ್ ಆಗಬೇಕೆಂಬ ಹಟ. ಬಳ್ಳಾರಿಯ ಏಜೆಂಟ್ ಒಬ್ಬರು ಕಾಲೇಜು, ನೌಕರಿ ಎರಡಕ್ಕೂ ಸೇರಿ ಆರು ಲಕ್ಷ ಕೇಳುತ್ತಿದ್ದಾರೆ. ಒಂದೆಕರೆ ಗದ್ದೆ ಮಾರಲೇ?

ಮಾರಬೇಡಿ. ನಮ್ಮಪ್ಪ ಮಾರಿದ್ದರು. ಗಂಗಾವತಿ ಕಡೆ ಎಡದಂಡೆ ಕಾಲುವೆ ನೀರುಂಡ ಗದ್ದೆ. ಆ ರೊಕ್ಕದಲ್ಲಿ ನಾನು ಒಂದು ಸಂಸ್ಥೆಯಲ್ಲಿ ಆರು ತಿಂಗಳು ಬಿಳಿ ಯೂನಿಫಾರಂ ಹಾಕಿ ಪರೇಡ್ ಮಾಡಿದೆ. ಕೊನೆಗೆ ಗೊತ್ತಾಯಿತು, ಆ ಕೋರ್ಸಿಗೆ ಡಿಜಿ ಶಿಪ್ಪಿಂಗ್ (ಹಡಗು ವ್ಯವಹಾರ ನೋಡಿಕೊಳ್ಳುವ ಕೇಂದ್ರ ಸರ್ಕಾರದ ಕಚೇರಿ) ಮಾನ್ಯತೆಯೇ ಇರಲಿಲ್ಲ. ಆ ಸರ್ಟಿಫಿಕೇಟ್ ಹಿಡಿದು ಯಾವ ಹಡಗನ್ನೂ ಹತ್ತಲಾಗಲಿಲ್ಲ. ಮರುವರ್ಷ ಪ್ರವೇಶ ಪರೀಕ್ಷೆ ಬರೆದು ಸರಿದಾರಿ ಹಿಡಿದೆ. ಇವತ್ತು ಸೆಕೆಂಡ್ ಆಫೀಸರ್. ಗದ್ದೆ ಮಾತ್ರ ವಾಪಸ್ ಬರಲಿಲ್ಲ.

ಆ ಪರೀಕ್ಷೆಯ ಹೆಸರು ಐಎಂಯು ಸಿಇಟಿ. ನಡೆಸುವುದು ಇಂಡಿಯನ್ ಮ್ಯಾರಿಟೈಮ್ ಯೂನಿವರ್ಸಿಟಿ, 2008ರಲ್ಲಿ ಶುರುವಾದ ಕೇಂದ್ರೀಯ ವಿಶ್ವವಿದ್ಯಾಲಯ, ಚೆನ್ನೈಯಲ್ಲಿದೆ. ಪಿಸಿಎಂನಲ್ಲಿ (ಭೌತ, ರಸಾಯನ, ಗಣಿತ) ಸರಾಸರಿ ಶೇಕಡ 60, ಇಂಗ್ಲಿಷಿನಲ್ಲಿ ಶೇಕಡ 50 ಅಂಕ ಬೇಕು. ನಮ್ಮ ಭಾಗದ ಹುಡುಗರು 371ಜೆ (ಕಲ್ಯಾಣ ಕರ್ನಾಟಕದವರ ಮೀಸಲಾತಿ) ಪ್ರಮಾಣಪತ್ರ ನೆಚ್ಚಿಕೊಂಡು ಹೋಗುತ್ತಾರೆ. ಅಲ್ಲಿ ಅದು ನಡೆಯುವುದಿಲ್ಲ, ಇಡೀ ದೇಶದ ರ‍್ಯಾಂಕ್ ಲೆಕ್ಕ.

ಡಿಎನ್‌ಎಸ್ (ಹಡಗು ನಡೆಸುವುದನ್ನು ಕಲಿಸುವ ಡಿಪ್ಲೊಮಾ) ಆದರೆ ಒಂದು ವರ್ಷ ಓದು, ಆಮೇಲೆ 18 ತಿಂಗಳು ಕೆಡೆಟ್ ಅಂದರೆ ತರಬೇತಿಯ ಹುಡುಗನಾಗಿ ಸಮುದ್ರ. ಬಿಎಸ್ಸಿ ನಾಟಿಕಲ್ ಆದರೆ ಮೂರು ವರ್ಷ, ಸಮುದ್ರ 12 ತಿಂಗಳು. ಅದು ಮುಗಿದ ಮೇಲೇ ಸೆಕೆಂಡ್ ಮೇಟ್ ಪರೀಕ್ಷೆ, ಪಾಸಾದರೆ ಥರ್ಡ್ ಆಫೀಸರ್. ಓದು ಹೇಗೋ ಮುಗಿಯುತ್ತದೆ. ಹುಡುಗರು ಸಿಕ್ಕಿಬೀಳುವುದು ಆ 18 ತಿಂಗಳಿಗೆ ಹಡಗು ಸಿಗದೆ. ಡಿಎನ್‌ಎಸ್ ಪಾಸಾಗಿ, ಮುಂಬೈಯಲ್ಲಿ ರೂಮು ಮಾಡಿಕೊಂಡು ಕಂಪನಿ ಕಂಪನಿ ಅಲೆದು ಊರಿಗೆ ಮರಳಿದವರನ್ನು ಕಂಡಿದ್ದೇನೆ. ಆದ್ದರಿಂದ ಫೀಸಿಗೂ ಮುಂಚೆ ಸ್ಪಾನ್ಸರ್‌ಶಿಪ್ ಹುಡುಕಿ. ಶಿಪ್ಪಿಂಗ್ ಕಂಪನಿಗಳು ತಾವೇ ಟೆಸ್ಟ್, ಇಂಟರ್‌ವ್ಯೂ ಮಾಡಿ, ಓದು ಮುಗಿದ ಮೇಲೆ ನಮ್ಮ ಹಡಗಿಗೆ ತೆಗೆದುಕೊಳ್ಳುತ್ತೇವೆ ಎಂದು ಪತ್ರ ಕೊಡುತ್ತವೆ. ಕಾಲೇಜಿಗೆ ಹೋದರೆ ಕಟ್ಟಡ, ಈಜುಕೊಳ ನೋಡಬೇಡಿ. ಹೋದ ಬ್ಯಾಚಿನಲ್ಲಿ ಎಷ್ಟು ಜನ ಹಡಗು ಹತ್ತಿದರು, ಯಾವ ಕಂಪನಿಯದು ಎಂದು ಕೇಳಿ. ‘ಹಂಡ್ರೆಡ್ ಪರ್ಸೆಂಟ್ ಪ್ಲೇಸ್‌ಮೆಂಟ್’ ಎಂದಷ್ಟೇ ಹೇಳಿದರೆ ಎದ್ದು ಬನ್ನಿ.

ನೌಕರಿ ಕೊಡಿಸಲು ನಾವಿಕರಿಂದ ರೊಕ್ಕ ತೆಗೆದುಕೊಳ್ಳುವಂತೆಯೇ ಇಲ್ಲ. ನಾವಿಕರ ದುಡಿಮೆ ಕುರಿತ ಅಂತರರಾಷ್ಟ್ರೀಯ ಒಪ್ಪಂದ, 2006ರ ಮ್ಯಾರಿಟೈಮ್ ಲೇಬರ್ ಕನ್ವೆನ್ಶನ್ ಹಾಗೆ ಹೇಳುತ್ತದೆ, ಭಾರತ 2015ರಲ್ಲಿ ಅದನ್ನು ಒಪ್ಪಿದೆ. ಹಡಗಿಗೆ ಜನ ಕಳಿಸುವವರಿಗೆ ಆರ್‌ಪಿಎಸ್‌ಎಲ್ ಎಂಬ ನೇಮಕಾತಿ ಲೈಸೆನ್ಸ್ ಇರಬೇಕು. ಆ ಪಟ್ಟಿ ಡಿಜಿ ಶಿಪ್ಪಿಂಗ್ ವೆಬ್‌ಸೈಟಿನಲ್ಲೇ ಇದೆ.

ಮಗನಿಗೂ ಒಂದು ಮಾತು. ನನ್ನ ಮೊದಲ ಹಡಗು ಕಲ್ಲಿದ್ದಲು ಸಾಗಿಸುವ ಬಲ್ಕ್ ಕ್ಯಾರಿಯರ್. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ ರೈಲಿನಿಂದ ಇಳಿಯುತ್ತದಲ್ಲ, ಅಂಥದ್ದೇ ಕಲ್ಲಿದ್ದಲು. ಸರಕು ತುಂಬುವ ಹೋಲ್ಡಿಗಿಳಿದು ಗುಡಿಸಿ ಬಂದರೆ ಎರಡು ದಿನ ಸೀನಿದರೂ ಕರಿ. ಉಳಿದ ಹೊತ್ತು ಸುತ್ತಿಗೆ ಹಿಡಿದು ತುಕ್ಕು ಕೆರೆಯುವುದು. ಅದಕ್ಕೆ ಮನಸ್ಸಿದ್ದರೆ ಬಾ ತಮ್ಮಾ.
ಗಂಗಾವತಿಯ ಓದುಗ

ಎಲ್ಲಕ್ಕೂ ಮೊದಲು ಡಿಜಿ ಶಿಪ್ಪಿಂಗ್ ಒಪ್ಪಿದ ಡಾಕ್ಟರ ಬಳಿ ಕಣ್ಣು ತೋರಿಸಿ. ನನ್ನ ವಿದ್ಯಾರ್ಥಿಯೊಬ್ಬ ಒಳ್ಳೆಯ ರ‍್ಯಾಂಕ್ ತೆಗೆದಿದ್ದ. ಬಣ್ಣದ ಚುಕ್ಕೆಗಳ ಹಾಳೆಯಲ್ಲಿ ನಮಗೆ 74 ಕಾಣುವ ಕಡೆ ಅವನಿಗೆ 21 ಕಂಡಿತು. ಕೆಂಪು, ಹಸಿರು ಬೇರೆಯಾಗದಿದ್ದರೆ ಹಡಗು ನಡೆಸುವ ಡೆಕ್ ಕೆಲಸವೂ ಇಲ್ಲ, ಎಂಜಿನ್ ಕೆಲಸವೂ ಇಲ್ಲ. ಹದಿನೆಂಟು ವರ್ಷ ಅದು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಆ ಹುಡುಗ ಅತ್ತಿದ್ದು ಇನ್ನೂ ಕಣ್ಣಮುಂದಿದೆ.
ಭೌತಶಾಸ್ತ್ರ ಉಪನ್ಯಾಸಕಿ, ರಾಯಚೂರು

ನನ್ನ ಮಗನೂ ಇದೇ ಹಟ ಹಿಡಿದಿದ್ದ. ಮೊದಲು ಬಿಇ ಮೆಕ್ಯಾನಿಕಲ್ ಮುಗಿಸು ಎಂದೆವು. ಮುಗಿಸಿದ, ಆಮೇಲೆ ಒಂದು ವರ್ಷದ ಜಿಎಂಇ (ಎಂಜಿನಿಯರಿಂಗ್ ಪದವೀಧರರಿಗಿರುವ ಹಡಗು ಎಂಜಿನ್ ಕೋರ್ಸ್) ಮಾಡಿ ಎಂಜಿನ್ ಕಡೆ ಹೋದ. ಸಮುದ್ರ ಒಗ್ಗದಿದ್ದರೂ ಡಿಗ್ರಿ ಕೈಯಲ್ಲಿರುತ್ತದೆ ಎಂಬ ಧೈರ್ಯ ನಮಗೆ. ನಿಮ್ಮ ಮಗನಿಗೆ ನಾಲ್ಕು ವರ್ಷ ತಡೆಯುವ ತಾಳ್ಮೆ ಇದೆಯೇ, ಕೂರಿಸಿಕೊಂಡು ಕೇಳಿ ನೋಡಿ.
ಒಬ್ಬ ತಾಯಿ, ಸಿರುಗುಪ್ಪ