ಡ್ರೈವ್-ಅಪ್ ಅಂಚೆ ಡಬ್ಬಿ: ಕಾರಿನಿಂದ ಕೈ ಎಟುಕುವುದಿಲ್ಲ, ಕವರ್ ಸಿಕ್ಕಿಕೊಳ್ಳುತ್ತದೆ. ಯಾರಿಗೆ ಹೇಳಬೇಕು?

ಬೇಏರಿಯಾ_ಬಸವನಗುಡಿ:
ನಮಸ್ಕಾರ. ಬೇ ಏರಿಯಾದವರು, ಅಮೆರಿಕದ ಬೇರೆ ಊರಿನವರೂ ಸ್ವಲ್ಪ ಹೇಳಿ. ನಮ್ಮ ಮನೆ ಹತ್ತಿರದ ಅಂಚೆ ಕಚೇರಿಯ ಪಾರ್ಕಿಂಗ್‌ನಲ್ಲಿ ಎರಡು ನೀಲಿ ಡಬ್ಬಿಗಳಿವೆ. ಕಾರಿನಲ್ಲಿ ಕೂತೇ ಕಾಗದ ಹಾಕಲಿ ಅಂತ ಬಾಯಿ ಮುಂದಕ್ಕೆ ಚಾಚಿರುತ್ತದಲ್ಲ, ಆ ಥರದವು. ಮೊದಲು ಹಿಡಿ ಎಳೆದರೆ ಅಗಲವಾದ ಬಾಗಿಲು ತೆರೆಯುತ್ತಿತ್ತು. ಈಗ ಅದನ್ನು ಮುಚ್ಚಿ ಒಂದು ಸಣ್ಣ ಸೀಳು ಬಿಟ್ಟಿದ್ದಾರೆ. ಮಗಳ ರಂಗಪ್ರವೇಶದ ಆಮಂತ್ರಣ ಪತ್ರಿಕೆ ಹಾಕಲು ಹೋದರೆ ಅರ್ಧಕ್ಕೆ ನಿಲ್ಲುತ್ತದೆ, ವಾಪಸ್ ಎಳೆದರೆ ಒಳಗಿನ ಹಲ್ಲಿಗೆ ಸಿಕ್ಕಿ ಕವರ್ ಹರಿಯುತ್ತದೆ.

ಇನ್ನೊಂದು ತಲೆನೋವು, ಡಬ್ಬಿ ಇರುವ ಕಟ್ಟೆ ಎತ್ತರ. ಚಕ್ರ ಉಜ್ಜುತ್ತದೆ ಅಂತ ಎಲ್ಲರೂ ದೂರ ನಿಲ್ಲಿಸುತ್ತಾರೆ, ಆಮೇಲೆ ಅರ್ಧ ಬಾಗಿಲು ತೆಗೆದು ನೇತಾಡುತ್ತಾ ಹಾಕುತ್ತಾರೆ. ಕೆಲವರಂತೂ ಎದುರು ದಿಕ್ಕಿನಿಂದ ನುಗ್ಗುತ್ತಾರೆ. ಇದರ ಮೇಲೆ ಚೆಕ್ ಕಳ್ಳತನದ ಸುದ್ದಿ ಬೇರೆ. ಇದನ್ನು ಸರಿ ಮಾಡಿಸಲು ಯಾರನ್ನು ಹಿಡಿಯಬೇಕು?

ರಸ್ತೆ_ಗುರುತು:
ನಾನು ಬೇರೆ ರಾಜ್ಯದ ಒಂದು ಸಿಟಿಯಲ್ಲಿ ಟ್ರಾಫಿಕ್ ವಿಭಾಗದಲ್ಲಿದ್ದೇನೆ, ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ, ಸಹಿಸಿಕೊಳ್ಳಿ.

ತೊಂದರೆಯ ಬೇರು ಇದು. ಇಲ್ಲಿ ಗಾಡಿ ಬಲಗಡೆ ಹೋಗುತ್ತದೆ, ಡ್ರೈವರ್ ಎಡಗಡೆ ಕೂರುತ್ತಾನೆ. ಹಾಗಾಗಿ ಮಾಮೂಲಿ ರಸ್ತೆಯಲ್ಲಿ ಫುಟ್‌ಪಾತ್ ಯಾವಾಗಲೂ ಪಕ್ಕದ ಸೀಟಿನವರ ಕಡೆಗೆ. ಅಲ್ಲಿ ಡಬ್ಬಿ ಇಟ್ಟರೆ ಡ್ರೈವರ್ ಕೈಗೆ ಸಿಗುವ ಮಾತೇ ಇಲ್ಲ. ಅಂಚೆಯವರ ಗಾಡಿಗೆ ಇಂಡಿಯಾದ ಗಾಡಿಗಳ ಹಾಗೆ ಬಲಗಡೆ ಸ್ಟಿಯರಿಂಗ್ ಇರುವುದು ಇದೇ ಕಾರಣಕ್ಕೆ. 1987ರಿಂದ 1994ರವರೆಗೆ ತಯಾರಾದ ಆ ಬಿಳಿ ಗ್ರಮ್ಮನ್ ವ್ಯಾನುಗಳನ್ನು ನೋಡಿರುತ್ತೀರಿ. ಅದರಲ್ಲಿ ಕೂತವರಿಗೆ ಮನೆಮುಂದಿನ ಡಬ್ಬಿ ಸಲೀಸಾಗಿ ಎಟುಕುತ್ತದೆ.

ನಮಗೆ ಎಟುಕಬೇಕಾದರೆ ಡಬ್ಬಿ ನಮ್ಮ ಎಡಕ್ಕೆ ಬರಬೇಕು. ಒನ್-ವೇ ರಸ್ತೆಯ ಎಡ ಅಂಚಿಗೆ ಇಡಬಹುದು, ಇಲ್ಲವೇ ಪಾರ್ಕಿಂಗ್ ನಡುವಿನ ಕಟ್ಟೆಯ ಮೇಲೆ. ಕಟ್ಟೆಯ ಮೇಲಿದ್ದರೆ ಕಾರುಗಳು ಅದನ್ನು ಅಪ್ರದಕ್ಷಿಣೆಯಾಗಿ ಸುತ್ತಬೇಕು. ದೇವಸ್ಥಾನದಲ್ಲಿ ಗರ್ಭಗುಡಿ ನಮ್ಮ ಬಲಕ್ಕೆ ಇರುತ್ತದಲ್ಲ, ಅದರ ಉಲ್ಟಾ. ನಿಮ್ಮಲ್ಲಿ ಜನ ಎದುರಿನಿಂದ ನುಗ್ಗುತ್ತಿದ್ದಾರೆ ಅಂದರೆ ಬಹುಶಃ ಮುಖ್ಯ ರಸ್ತೆಯಿಂದ ಬರುವ ದಾರಿ ತಪ್ಪು ತುದಿಗೆ ಸೇರುತ್ತಿದೆ. ಅದಕ್ಕೆ ಜನರನ್ನು ಬೈದು ಪ್ರಯೋಜನವಿಲ್ಲ. ನೆಲದ ಮೇಲೆ ದೊಡ್ಡ ಬಾಣದ ಗುರುತು, ಆ ತುದಿಯಲ್ಲಿ 'ಪ್ರವೇಶವಿಲ್ಲ' ಬೋರ್ಡು, ಇಷ್ಟಾದರೆ ಅರ್ಧ ಸರಿಹೋಗುತ್ತದೆ. ಡಬ್ಬಿಯನ್ನು ಕಟ್ಟೆಯ ಅಂಚಿಗೆ ಸರಿಸಿ ಬೋಲ್ಟ್ ಹಾಕುವುದು ಕೂಡ ಮಹಾ ಕೆಲಸವಲ್ಲ.

ಯಾರಿಗೆ ಹೇಳಬೇಕು ಅಂತ ಕೇಳಿದಿರಿ. ಡಬ್ಬಿಯ ವಿಷಯ ಪೋಸ್ಟ್‌ಮಾಸ್ಟರ್‌ಗೆ, ಬರಹದಲ್ಲಿ. ಪಾರ್ಕಿಂಗ್ ವಿಷಯ ಸ್ವಲ್ಪ ಗೋಜಲು, ಏಕೆಂದರೆ ಇಲ್ಲಿ ಜಾಸ್ತಿ ಅಂಚೆ ಕಚೇರಿಗಳು ಬಾಡಿಗೆ ಕಟ್ಟಡದಲ್ಲಿರುತ್ತವೆ, ಪೇಂಟ್ ಹೊಡೆಸುವುದು ಮಾಲೀಕನ ತಲೆಗೆ ಬರಬಹುದು. ಸಾಲು ರಸ್ತೆಗೆ ಬಂದು ನಿಲ್ಲುತ್ತಿದ್ದರೆ ಮಾತ್ರ ಸಿಟಿಯವರು ತಲೆ ಹಾಕುತ್ತಾರೆ. ಆಗ ಫೋಟೋ ಸಮೇತ ದೂರು ಕೊಡಿ.

ಚಿಲ್ಲರೆ_ಚೆಕ್:
ನೇತಾಡುವ ವಿಷಯಕ್ಕೆ ಒಂದು ಮಾತು. ದಯವಿಟ್ಟು ಗೇರ್ ಪಾರ್ಕ್‌ಗೆ ಹಾಕಿ ಆಮೇಲೆ ಕೈ ಚಾಚಿ. ಬ್ರೇಕ್ ಮೇಲೆ ಕಾಲಿದೆ ಅಂತ ನೆಚ್ಚಿಕೊಳ್ಳಬೇಡಿ, ಮೈ ಹೊರಕ್ಕೆ ವಾಲಿದಾಗ ಕಾಲು ಸಡಿಲವಾಗುತ್ತದೆ. 2021ರಲ್ಲಿ ಕೆನಡಾದ ವ್ಯಾಂಕೂವರ್‌ನಲ್ಲಿ ಒಂದು ಹೋಟೆಲಿನ ಡ್ರೈವ್-ಥ್ರೂ ಸಾಲಿನಲ್ಲಿ ಕೈಯಿಂದ ಜಾರಿದ ಬ್ಯಾಂಕ್ ಕಾರ್ಡ್ ಎತ್ತಿಕೊಳ್ಳಲು ಬಾಗಿಲು ತೆಗೆದು ಬಾಗಿದವರು, ಕಾರು ಮುಂದೆ ಸರಿದು ಬಾಗಿಲ ಮಧ್ಯೆ ಸಿಕ್ಕಿಕೊಂಡು ತೀರಿಕೊಂಡರು. ಕವರ್ ಕೆಳಗೆ ಬಿದ್ದರೆ ಕಾರನ್ನು ಮುಂದೆ ನಿಲ್ಲಿಸಿ ನಡೆದು ಬಂದು ಎತ್ತಿಕೊಳ್ಳಿ. ಹಿಂದಿನವನು ಹಾರ್ನ್ ಹೊಡೆದರೆ ಹೊಡೆಯಲಿ.

ಇನ್ನು ಆ ಸಣ್ಣ ಸೀಳು. ಅದು ಸುಮ್ನೆ ಮಾಡಿದ್ದಲ್ಲ. ಅಗಲ ಬಾಯಿಯ ಡಬ್ಬಿಗೆ ಕಳ್ಳರು ದಾರದ ತುದಿಗೆ ಇಲಿ ಹಿಡಿಯುವ ಅಂಟು ಹಚ್ಚಿದ ಬಾಟಲಿಯೋ ಏನೋ ಕಟ್ಟಿ ಇಳಿಬಿಡುತ್ತಿದ್ದರು, ಕವರುಗಳು ಅದಕ್ಕೆ ಅಂಟಿಕೊಂಡು ಮೇಲೆ ಬರುತ್ತಿದ್ದವು. ಒಳಗೆ ಚೆಕ್ ಸಿಕ್ಕರೆ ಅಸಿಟೋನ್‌ನಂಥದ್ದರಲ್ಲಿ ಅದ್ದಿ ಹೆಸರು, ಮೊತ್ತ ಅಳಿಸುತ್ತಾರೆ, ನಿಮ್ಮ ಸಹಿ ಮಾತ್ರ ಉಳಿಸಿಕೊಳ್ಳುತ್ತಾರೆ. ಹಾಗಾಗಿ ಚೆಕ್ ಬರೆಯಲು ಬಾಲ್‌ಪೆನ್ ಬೇಡ. ಪಿಗ್ಮೆಂಟ್ ಇಂಕಿನ ಕಪ್ಪು ಜೆಲ್ ಪೆನ್ ತೆಗೆದುಕೊಳ್ಳಿ, ಆ ಇಂಕು ಕಾಗದದ ಎಳೆಯೊಳಗೆ ಇಳಿಯುತ್ತದೆ, ತೊಳೆದರೂ ಸುಲಭಕ್ಕೆ ಹೋಗುವುದಿಲ್ಲ.

ಡಬ್ಬಿಯ ಮೇಲಿನ ಚೀಟಿಯಲ್ಲಿ ಕೊನೆಯ ಬಾರಿ ಕಾಗದ ತೆಗೆಯುವ ಹೊತ್ತು ಬರೆದಿರುತ್ತದೆ. ಅದಕ್ಕಿಂತ ಮುಂಚೆಯೇ ಹಾಕಿ. ಶನಿವಾರ ಸಂಜೆ ಹಾಕಿದ ಚೆಕ್ ಸೋಮವಾರದವರೆಗೆ ಬೀದಿಯಲ್ಲೇ ಮಲಗಿರುತ್ತದೆ, ಅಲ್ವಾ? ಡಬ್ಬಿಯ ಬಾಯಿ ಅಂಟಂಟಾಗಿದ್ದರೆ, ಅಥವಾ ತುಂಬಿ ಕವರುಗಳು ಬಾಯಲ್ಲೇ ಕಾಣುತ್ತಿದ್ದರೆ ಅಲ್ಲಿ ಏನೂ ಹಾಕಬೇಡಿ. ಅಂಟು ಕಂಡರೆ ಪೋಸ್ಟಲ್ ಇನ್‌ಸ್ಪೆಕ್ಷನ್ ಸರ್ವೀಸ್‌ಗೆ, ಅಂದರೆ ಅಂಚೆ ಅಪರಾಧಗಳ ತನಿಖೆ ಮಾಡುವ ವಿಭಾಗಕ್ಕೆ ತಿಳಿಸಿ. ಅಂಚೆ ಕದಿಯುವುದು ಇಲ್ಲಿ ಫೆಡರಲ್ ಅಪರಾಧ, 5 ವರ್ಷದವರೆಗೆ ಜೈಲು.

ಟೆಕ್ಸಾಸ್_ಚಟ್ನಿಪುಡಿ:
ಇಷ್ಟೆಲ್ಲಾ ರಾಮಾಯಣ ಯಾಕೆ ಸರ್, ಕಾರಿನಿಂದ ಇಳಿದು ಒಳಗೆ ಹೋಗಿ ಹಾಕಿದರೆ ಮುಗಿಯಿತು. ಲಾಬಿಯ ಗೋಡೆಯಲ್ಲಿರುವ ಕಿಂಡಿಗೆ ಹಾಕಿದ ಕಾಗದ ನೇರವಾಗಿ ಕಚೇರಿ ಒಳಗೇ ಬೀಳುತ್ತದೆ. ಡ್ರೈವ್-ಅಪ್ ಅನ್ನುವುದೇ ಸೋಮಾರಿತನ.

ರಸ್ತೆ_ಗುರುತು:
ಒಪ್ಪುವುದಿಲ್ಲ. ಗಾಲಿಕುರ್ಚಿ ಬಳಸುವವರು ಕಾಗದ ಹಾಕಲು ಕುರ್ಚಿ ಇಳಿಸಿ, ಹತ್ತಿ, ಮತ್ತೆ ಮಡಚಿ ಒಳಗಿಡಬೇಕು. ಮಂಡಿ ನೋವಿನ ಅಜ್ಜಿಯರು, ಹಿಂದಿನ ಸೀಟಿನಲ್ಲಿ ಮಗು ಮಲಗಿರುವ ತಾಯಂದಿರು, ಮಿಚಿಗನ್‌ನಲ್ಲಿ ಜನವರಿ ತಿಂಗಳ ಮಂಜುಗಡ್ಡೆ, ಇವನ್ನೆಲ್ಲಾ ಲೆಕ್ಕಕ್ಕೆ ತೆಗೆದುಕೊಳ್ಳಿ. ಮನೆಮುಂದಿನ ಡಬ್ಬಿಯಲ್ಲಿ ಇಟ್ಟು ಕೆಂಪು ಬಾವುಟ ಎತ್ತಿದರೆ ಅಂಚೆಯವರು ಒಯ್ಯುತ್ತಾರೆ, ನಿಜ. ಆದರೆ ಆ ಬಾವುಟ ಕಳ್ಳನಿಗೂ ಕಾಣುತ್ತದೆ.

ಮತ್ತೆ, ಸೀಳು ಸಣ್ಣದು ಮಾಡಿದ ಮಾತ್ರಕ್ಕೆ ಎಲ್ಲಾ ಆಗಲಿಲ್ಲ. ಒಂದು ಪ್ರದೇಶದ ತುಂಬಾ ಡಬ್ಬಿಗಳು 'ಆ್ಯರೋ ಕೀ' ಅನ್ನುವ ಅಂಚೆಯವರ ಒಂದೇ ಕೀಲಿಗೆ ತೆರೆಯುತ್ತವೆ. ಹಾಗಾಗಿ ಕೀಲಿಗಾಗಿ ಅಂಚೆಯವರನ್ನೇ ದೋಚುವುದು ಶುರುವಾಯಿತು. 2023ರ ಮೇ ತಿಂಗಳಲ್ಲಿ ಯುಎಸ್‌ಪಿಎಸ್ (ಇಲ್ಲಿನ ಅಂಚೆ ಇಲಾಖೆ) 12,000 ಗಟ್ಟಿ ನೀಲಿ ಡಬ್ಬಿಗಳನ್ನು ಹಾಕುವ, 49,000 ಹಳೆ ಬೀಗಗಳ ಬದಲು ಎಲೆಕ್ಟ್ರಾನಿಕ್ ಬೀಗ ಕೂರಿಸುವ ಯೋಜನೆ ಹೇಳಿತು. ನಿಮ್ಮ ಪತ್ರದಲ್ಲಿ ಇದನ್ನೂ ಕೇಳಿ, ನಮ್ಮ ಡಬ್ಬಿ ಆ ಪಟ್ಟಿಯಲ್ಲಿದೆಯಾ ಅಂತ.

ಒಂದು ಎಚ್ಚರಿಕೆ. 'ಈ ಡಬ್ಬಿಯನ್ನು ಯಾರೂ ಬಳಸುವುದಿಲ್ಲ' ಅಂತ ಮಾತ್ರ ಬರೆಯಬೇಡಿ. ದಿನಕ್ಕೆ ಸರಾಸರಿ 25 ಕಾಗದ ಬೀಳದ ಡಬ್ಬಿಯನ್ನು ತೆಗೆದುಹಾಕಲು ಅವರಿಗೆ ಅವಕಾಶವಿದೆ. ಸರಿಪಡಿಸಿ ಅಂತ ಕೇಳಲು ಹೋಗಿ ಇರುವುದನ್ನೂ ಕಳೆದುಕೊಳ್ಳುತ್ತೀರಿ.

ಬೇಏರಿಯಾ_ಬಸವನಗುಡಿ:
ಎಲ್ಲರಿಗೂ ಥ್ಯಾಂಕ್ಸ್. ಪತ್ರ ಬರೆದೆ. ಡಬ್ಬಿ ಕಟ್ಟೆಯ ಅಂಚಿಗೆ ಬರಲಿ, ಬಾಣದ ಗುರುತು ಹಾಕಿಸಿ, ತೆರಿಗೆ ಕಟ್ಟುವ ಏಪ್ರಿಲ್ 15ರ ಆಸುಪಾಸು ಮತ್ತು ಕ್ರಿಸ್‌ಮಸ್ ಸಮಯದಲ್ಲಿ ಸಂಜೆ ಇನ್ನೊಂದು ಸಲ ಖಾಲಿ ಮಾಡಿ, ಇಷ್ಟೇ ಕೇಳಿದ್ದೇನೆ. ಬೀಗದ ವಿಷಯ ಬಿಟ್ಟುಹೋಗಿತ್ತು, ಈಗ ಸೇರಿಸುತ್ತೇನೆ. ಪತ್ರಿಕೆಗಳನ್ನು ಸದ್ಯಕ್ಕೆ ಲಾಬಿಯಲ್ಲೇ ಹಾಕುತ್ತೇನೆ. ಮಕ್ಕಳ ಪುಸ್ತಕದ ಒಂದು ಪಾರ್ಸೆಲ್ ಕೂಡ ಇದೆ, ಸ್ಟ್ಯಾಂಪ್ ಅಂಟಿಸಿಟ್ಟಿದ್ದೇನೆ. ಅದನ್ನೂ ಲಾಬಿಯಲ್ಲೇ ಹಾಕಬಹುದಾ?

ಚಿಲ್ಲರೆ_ಚೆಕ್:
ಬೇಡ. 2019ರ ಅಕ್ಟೋಬರ್ 1ರಿಂದ ಬರೀ ಸ್ಟ್ಯಾಂಪ್ ಅಂಟಿಸಿದ ಅಂಚೆ ಅರ್ಧ ಇಂಚಿಗಿಂತ ದಪ್ಪ ಇದ್ದರೆ, ಅಥವಾ 10 ಔನ್ಸ್, ಅಂದರೆ ಸುಮಾರು 280 ಗ್ರಾಂ ಮೀರಿದರೆ, ಡಬ್ಬಿಗೆ ಹಾಕುವಂತಿಲ್ಲ. ಕೌಂಟರಿನಲ್ಲಿ ಕೈಗೇ ಕೊಡಬೇಕು. ಆನ್‌ಲೈನ್‌ನಲ್ಲಿ ಹಣ ಕಟ್ಟಿ ಲೇಬಲ್ ಪ್ರಿಂಟ್ ಮಾಡಿ ಅಂಟಿಸಿದ್ದರೆ ಈ ತಕರಾರಿಲ್ಲ. ಅಂದ ಹಾಗೆ, ರಂಗಪ್ರವೇಶದ ಕವರ್ ಚೌಕವಾಗಿದೆಯಾ? ಚೌಕ ಇದ್ದರೆ, ಅಥವಾ ಒಳಗಿನ ಕಾರ್ಡು ಬಗ್ಗದಷ್ಟು ಗಟ್ಟಿಯಿದ್ದರೆ, ಮೆಷಿನ್ನಿನಲ್ಲಿ ಹೋಗುವುದಿಲ್ಲ ಅಂತ ಜಾಸ್ತಿ ಸ್ಟ್ಯಾಂಪ್ ಕೇಳುತ್ತಾರೆ. ಎಲ್ಲಾ ಅಂಟಿಸುವ ಮುಂಚೆ ಒಂದನ್ನು ಕೌಂಟರಿನಲ್ಲಿ ತೂಗಿಸಿ ನೋಡಿ.